ಮಾಲದಂಡಿಗೆ ನಾನು ಬರೆದ ಬೆಲೆ

ಟವೆಲ್ ಬಿಳಿಯದು, ಎರಡೂ ಅಂಚಿಗೆ ಹಸಿರು ಪಟ್ಟಿ. ಎಡ ಅಂಚಿನಿಂದ ನಾಲ್ಕು ಬೆರಳು ಒಳಗೆ, ತೊಗರಿ ಕಾಳಿನ ಗಾತ್ರದ ಒಂದು ನೀಲಿ ಶಾಯಿ ಕಲೆ. ಫ್ಯಾಕ್ಸ್ ಯಂತ್ರದ ಪಕ್ಕದ ಮೊಳೆಗೆ ಅದು ಸದಾ ತೂಗುತ್ತಿತ್ತು. ಅದರಿಂದ ಯಾರೂ ಕೈ ಒರೆಸಿಕೊಳ್ಳುತ್ತಿರಲಿಲ್ಲ.

ಮೊಳೆ ಇದ್ದದ್ದು ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಮಾಳಿಗೆ ಕೋಣೆಯಲ್ಲಿ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ನಮ್ಮ ಕೆಲಸ ಇಂಟರ್ನೆಟ್ ಹೆಸರುಗಳಿಗೆ ಬೆಲೆ ಕಟ್ಟುವುದು. ಇಂಟರ್ನೆಟ್ಟಿನಲ್ಲಿ ಒಂದು ಅಂಗಡಿಯೋ ಕಂಪನಿಯೋ ತನ್ನ ಪುಟ ತೆರೆಯಬೇಕಾದರೆ ಅದಕ್ಕೊಂದು ಹೆಸರು ಬೇಕು. ಆ ಹೆಸರಿನ ಕೊನೆಗೆ ಆಯಾ ದೇಶದ ಗುರುತಿನ ಅಕ್ಷರಗಳಿರುತ್ತವೆ, ಭಾರತದ್ದಾದರೆ 'ಇನ್'. ಒಂದು ಹೆಸರನ್ನು ಮೊದಲು ನೋಂದಾಯಿಸಿಕೊಂಡವರಿಗೇ ಅದು ದಕ್ಕುತ್ತದೆ. ಆಮೇಲೆ ಬೇಕಾದವರು ಅವರಿಂದಲೇ ಕೊಳ್ಳಬೇಕು. ಹಾಗೆ ಮಾರಿದರೆ ಎಷ್ಟು ಬಂದೀತು ಎಂದು ಮುಂಚಿತವಾಗಿ ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಎರಡು ವರ್ಷ ನಾನು ಅದನ್ನು ಮಾಡಿದೆ.

ಈಗ ಗುಲ್ಬರ್ಗಾದಲ್ಲಿ ಇಬ್ಬರು ಹುಡುಗಿಯರು ಇದೇ ಕೆಲಸಕ್ಕೆ ಸೇರುತ್ತಿದ್ದಾರೆ. ಒಬ್ಬಳು ನನ್ನ ಗೆಳತಿಯ ತಂಗಿ. "ಅಕ್ಕಾ, ಆ ಕೆಲಸದಾಗ ಏನೇನು ಇರ್ತದ ಅಂತ ಬರೆದು ಕೊಡು" ಎಂದಳು. ಅವಳಿಗಾಗಿ ಇದು. ನಾನು ನಿವೃತ್ತಳಾದಾಗ ನನಗೆ ಇಪ್ಪತ್ತಾರು ವರ್ಷ. ಈ ಮಾತಿಗೆ ಜನ ನಗುತ್ತಾರೆ, ನಗಲಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಈ ಕೆಲಸ ಮಾಡಿ ಬಿಟ್ಟವಳು ನನಗೆ ತಿಳಿದಂತೆ ನಾನೊಬ್ಬಳೇ. ಆದ್ದರಿಂದ ಹಿರಿಯರಂತೆ ಸಲಹೆ ಕೊಡುವ ಹಕ್ಕೂ ಸದ್ಯಕ್ಕೆ ನನ್ನೊಬ್ಬಳದೇ. ಬಡ್ತಿಯ ವಿಷಯ ಬರೆಯುವುದಿಲ್ಲ. ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಸಾವ್ಕಾರರು, ಇನ್ನೊಂದರಲ್ಲಿ ನಾನು. ಬಡ್ತಿಗೆ ಜಾಗ ಇರಲಿಲ್ಲ.

ಸಿದ್ರಾಮಪ್ಪ ಸಾವ್ಕಾರರು ಮೂವತ್ತು ವರ್ಷ ಆಳಂದದ ಪೇಟೆಯಲ್ಲಿ ತೊಗರಿ ಅಡತ, ಅಂದರೆ ದಲಾಲಿ ಅಂಗಡಿ, ನಡೆಸಿದವರು. ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಒಮ್ಮೆ ಹಾರಿಸಿ ತೇವ ಎಷ್ಟಿದೆ, ಯಾವ ಕಡೆಯ ಹೊಲದ್ದು ಎಂದು ಹೇಳುತ್ತಿದ್ದರಂತೆ. ಮೊಳಕಾಲು ನೋವು ಬಂದು ಪೇಟೆಯ ಓಡಾಟ ಆಗದಾದಾಗ, ಪುಣೆಯಲ್ಲಿದ್ದ ಅವರ ಅಳಿಯ ರಾಜಶೇಖರ ಈ ಹೊಸ ವ್ಯಾಪಾರ ಹಚ್ಚಿಕೊಟ್ಟ. ಅವನು ಪುಣೆಯಲ್ಲಿ ಹೆಸರು ಕೊಂಡು ಮಾರುತ್ತಿದ್ದ. ಇಲ್ಲಿ ಬೆಲೆ ಕಟ್ಟಬೇಕು, ನಮ್ಮ ಕಡೆಯ ಹೆಸರುಗಳನ್ನು ಹುಡುಕಿ ಕೊಡಬೇಕು. ನನ್ನ ಸಂದರ್ಶನ ಹೀಗೆ ನಡೆಯಿತು:

"ಎಷ್ಟು ಓದೀದಿ ತಂಗಿ?"

"ಎಂ.ಎಸ್ಸಿ. ರಿ. ಸಂಖ್ಯಾಶಾಸ್ತ್ರ."

"ಕಂಪ್ಯೂಟರ್ ಬರ್ತದ?"

"ಸ್ವಲ್ಪ ಬರ್ತದರಿ."

"ಇಂಟರ್ನೆಟ್ ನೋಡೀದಿ?"

"ಇಲ್ರಿ."

"ನಾನೂ ನೋಡಿಲ್ಲ. ಹೊಂದಾಣಿಕಿ ಆಗ್ತದ ಬಿಡು. ನಾಳಿಂದ ಬಾ."

ಆಳಂದದಲ್ಲಿ ಇಂಟರ್ನೆಟ್ ಇರಲಿಲ್ಲ. ಪುಣೆಯಿಂದ ಹೆಸರುಗಳ ಪಟ್ಟಿ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಕರೆಂಟ್ ಹೋದರೆ ಅರ್ಧ ಹೆಸರು ಯಂತ್ರದ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಮೊದಲ ಏಳು ತಿಂಗಳು ನಾನು ಒಂದೇ ಒಂದು ಇಂಟರ್ನೆಟ್ ಪುಟವನ್ನೂ ನೋಡದೆ ಇನ್ನೂರಕ್ಕೂ ಹೆಚ್ಚು ಹೆಸರುಗಳಿಗೆ ಬೆಲೆ ಬರೆದೆ. ಎಂಟನೆಯ ತಿಂಗಳು ಗುಲ್ಬರ್ಗಾದ ಒಂದು ಅಂಗಡಿಯಲ್ಲಿ ಸಾವ್ಕಾರರೂ ನಾನೂ ಅಕ್ಕಪಕ್ಕದ ಸ್ಟೂಲಿನ ಮೇಲೆ ಕೂತು ಮೊದಲ ಪುಟ ನೋಡಿದೆವು. ಅದು ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಸಾವ್ಕಾರರು ಸ್ವಲ್ಪ ಹೊತ್ತು ನೋಡಿ, "ಇಷ್ಟೊತ್ತಿನಾಗ ನಾ ನಾಲ್ಕು ಚೀಲ ತೊಗರಿ ಕಾಟಾದಾಗ ತೂಗಸ್ತಿದ್ದೆ" ಎಂದು ಚಹಾ ಕುಡಿಯಲು ಹೋದರು. ಅವರು ಕುಡಿದು ಬಂದಾಗ ಪುಟದಲ್ಲಿದ್ದ ಚಿತ್ರದ ಕೆಳಭಾಗ ಇನ್ನೂ ಬಂದಿರಲಿಲ್ಲ.

ಹೊಸಬರು ತಿಳಿಯಬೇಕಾದ ಮೊದಲ ಮಾತು: ಹೆಸರನ್ನು ಕಣ್ಣಿನಿಂದ ಮಾತ್ರ ನೋಡಬೇಡಿ. ಕಿವಿಯಿಂದ ಕೇಳಿದವರು ಅದನ್ನು ಬರೆಯಬಲ್ಲರೇ, ಅದು ಮುಖ್ಯ. ಇದಕ್ಕೆ ನನ್ನ ಪರೀಕ್ಷಾ ಕೇಂದ್ರ ಹಿರೋಳ್ಳಿಯಲ್ಲಿತ್ತು. ಅಲ್ಲಿ ನನ್ನ ಕಾಕಿ, ಅಂದರೆ ಚಿಕ್ಕಮ್ಮ, ಇದ್ದರು, ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಫೋನ್ ಇತ್ತು. ವಾರಕ್ಕೊಮ್ಮೆ ಫೋನ್ ಮಾಡಿ ಹತ್ತು ಹೆಸರು ಓದುತ್ತಿದ್ದೆ. ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ನನಗೆ ಮರಳಿ ಓದುತ್ತಿದ್ದರು.

"ಏನ್ ಬೇ, ಮೂವತ್ತು ವರ್ಷ ನಾ ಹುಡುಗ್ರಿಗಿ ಡಿಕ್ಟೇಶನ್ ಕೊಟ್ಟೇನಿ, ಈಗ ನೀ ನನಗ ಕೊಡಾಕತ್ತೀ?"

"ಹೌದ್ರಿ ಕಾಕಿ. ಮುಂದಿನದು ಬರಕೋರಿ."

"ಮೊದಲ ಹೋದ ವಾರದ ಮಾರ್ಕ್ಸ್ ಹೇಳು."

"ಹತ್ತಕ್ಕ ಆರು ರಿ."

"ಆರಾ? ನಿನ್ನ ಹೆಸರಗೋಳೇ ಸುಮಾರ ಅವ. ನಂದೇನು ತಪ್ಪಿಲ್ಲ."

ಅವರು ಹೇಳಿದ್ದೇ ಸರಿ. ಕಾಕಿ ತಪ್ಪಿದ ಹೆಸರಿನ ಬೆಲೆಯನ್ನು ನಾನು ಅರ್ಧಕ್ಕೆ ಇಳಿಸುತ್ತಿದ್ದೆ. ಈ ಪರೀಕ್ಷೆ ನನಗೆ ಹೆಚ್ಚು ಸಲ ಕೈಕೊಡಲಿಲ್ಲ.

ನನಗೆ ಕೈಕೊಟ್ಟದ್ದು ಬಾಲ. ದೇಶದ ಗುರುತಿನ ಅಕ್ಷರಗಳನ್ನು ಸಾವ್ಕಾರರು ಬಾಲ ಎನ್ನುತ್ತಿದ್ದರು. ನಾನೂ ಅದನ್ನೇ ರೂಢಿಸಿಕೊಂಡೆ. ಒಮ್ಮೆ ಪುಣೆಯಿಂದ ಹನ್ನೆರಡು ಹೆಸರು ಬಂದವು, ಎಲ್ಲದರ ಬಾಲವೂ 'ನು'. ಪೆಸಿಫಿಕ್ ಸಾಗರದ ನಿಯುವೆ ಎಂಬ ಪುಟ್ಟ ದ್ವೀಪದ ಬಾಲ ಅದು. ಯಾವ ದೇಶದವರು ಬೇಕಾದರೂ ಅದನ್ನು ಕೊಳ್ಳಬಹುದಿತ್ತು. ನಾನು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ಆ ದ್ವೀಪದ ವಿವರ ಓದಿ ಬಂದೆ.

"ಎಷ್ಟು ಮಂದಿ ಅದಾರ ಆ ದೇಶದಾಗ?" ಎಂದು ಸಾವ್ಕಾರರು ಕೇಳಿದರು.

"ಮಾದನಹಿಪ್ಪರಗಾದಾಗ ಇದ್ದಷ್ಟೂ ಇಲ್ರಿ."

"ಅಷ್ಟ ಮಂದಿಗಿ ಒಂದು ದೇಶ, ಅದಕ್ಕೊಂದು ಬಾಲ! ನಮ್ಮ ಮಾದನಹಿಪ್ಪರಗಾಕ್ಕ ಯಾಕ ಕೊಟ್ಟಿಲ್ಲ ಕೇಳು ರಾಜಶೇಖರಗ."

ಹನ್ನೆರಡಕ್ಕೂ ನಾನು 'ಬಿಡಬಹುದು' ಎಂದು ಬರೆದೆ. ರಾಜಶೇಖರ ಬಿಟ್ಟ. ತಿಂಗಳ ಮೇಲೆ ಅವನ ಫೋನ್ ಬಂತು; ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಎಲ್ಲ ಕೇಳುತ್ತಿತ್ತು. ಸ್ವೀಡನ್ ದೇಶದ ಭಾಷೆಯಲ್ಲಿ 'ನು' ಎಂದರೆ 'ಈಗ'. ಅಲ್ಲಿಯ ಅಂಗಡಿಯವರಿಗೆಲ್ಲ ತಮ್ಮ ಹೆಸರಿನ ಮುಂದೆ 'ಈಗ' ಎಂಬ ಮಾತು ಬೇಕಾಗಿತ್ತು. ನಾವು ಬಿಟ್ಟ ಹೆಸರುಗಳನ್ನು ಇನ್ನಾರೋ ಕೊಂಡು ಅವರಿಗೆ ಒಳ್ಳೆಯ ಬೆಲೆಗೆ ಮಾರಿದ್ದರು.

"ಎಂ.ಎಸ್ಸಿ.ದಾಗ ಸ್ವೀಡನ್ ಭಾಷಾ ಇರಲಿಲ್ಲೇನು?" ಎಂದರು ಸಾವ್ಕಾರರು.

"ಇರಲಿಲ್ರಿ."

"ಮತ್ತ ಐದು ವರ್ಷ ಏನ್ ಕಲಿಸಿದ್ರು?"

ಎರಡನೆಯ ಮಾತು, ಹೊಸಬರಿಗೆ: ಬಾಲದ ಬೆಲೆಯನ್ನು ಆ ದೇಶದ ತಲೆ ಎಣಿಸಿ ಅಳೆಯಬೇಡಿ. ಅದು ಯಾರ ಬಾಯಿಗೆ ಹೊಂದುತ್ತದೆ ಎಂದು ಕೇಳಿ.

ಇನ್ನು ಟವೆಲ್. ನಮ್ಮ ಪೇಟೆಗಳಲ್ಲಿ ಅಡತದವರು ಎಲ್ಲರೆದುರು ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ ಕೆಳಗೆ ಕೈ ಕೂಡಿಸುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಒಪ್ಪಿದರೆ ಕೈ ಒತ್ತಿ ಬಿಡುತ್ತಾರೆ. ಬಿಟ್ಟ ಮೇಲೆ ಮಾತು ಮುಗಿಯಿತು, ತಿರುಗಿಸುವಂತಿಲ್ಲ. ಸುತ್ತ ನಿಂತ ಹತ್ತು ಜನಕ್ಕೆ ಟವೆಲ್ ಅಲುಗಿದ್ದು ಬಿಟ್ಟರೆ ಮತ್ತೇನೂ ತಿಳಿಯದು. ಸಾವ್ಕಾರರು ಇಂಟರ್ನೆಟ್ ಹೆಸರುಗಳನ್ನೂ ಹೀಗೇ ಮಾರುತ್ತಿದ್ದರು. ನಾನು ಹೆಣ್ಣುಮಗಳು, ಟವೆಲ್ ಕೆಳಗೆ ಕೈ ಹಾಕುವ ಪ್ರಶ್ನೆಯೇ ಇರಲಿಲ್ಲ. ನನ್ನ ಬೆಲೆಯನ್ನು ಮೊದಲೇ ಅವರ ಕಿವಿಗೆ ಹೇಳಿ, ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.

ಅಫಜಲಪುರದ ಮಲ್ಕಣ್ಣ ಎಂಬ ಬೀಜದ ವ್ಯಾಪಾರಿ ತಮ್ಮ ಅಂಗಡಿಯ ಹೆಸರಿಗೆ ಭಾರತದ ಬಾಲ ಹಚ್ಚಿಸಲು ಬಂದರು. ಅವರ ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ; ಅವನೇ ಹಟ ಹಿಡಿದು ಕಳಿಸಿದ್ದ. ಟವೆಲ್ ಕೆಳಗೆ ಕೈ ಹೋದವು. ನಾಲ್ಕು ಬೆರಳಿಗೆ ಸೌದಾ ಮುಗಿಯಿತು. ಇಬ್ಬರೂ ನಕ್ಕರು, ಚಹಾ ಬಂತು. ಮಲ್ಕಣ್ಣ ಕಿಸೆಯಿಂದ ನಾಲ್ಕು ನೂರು ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು.

"ಉಳದದ್ದು ಯಾವಾಗ ಕೊಡ್ತಿ?" ಎಂದರು ಸಾವ್ಕಾರರು.

"ಉಳದದ್ದು ಯಾವದ್ರಿ?"

"ನಾಲ್ಕು ಬೆರಳು ಹಿಡದಿಲ್ಲೋ ಮಲ್ಕಣ್ಣ? ನಾಲ್ಕು ಸಾವಿರ!"

"ಹಿಡದೇನ್ರಿ. ನಾಲ್ಕು ನೂರಿಂದು ನಾಲ್ಕು ಬೆರಳು."

"ಬೆರಳ ಮ್ಯಾಲ ನೂರು ಅಂತ ಬರದಿತ್ತೇನ್ ಲೇ?"

"ಸಾವಿರ ಅಂತನೂ ಬರದಿದ್ದಿಲ್ರಿ! ಕಣ್ಣಿಗಿ ಕಾಣದ ಮಾಲಿಗಿ ಸಾವಿರ ಯಾರು ಕೊಡ್ತಾರ? ಬೀಜಾದ್ರ ಮಂದಿ ಮುಟ್ಟಿ ನೋಡ್ತಾರ, ಕಚ್ಚಿ ನೋಡ್ತಾರ. ಇದನ್ನ ಎಲ್ಲಿ ಕಚ್ಚಲಿ?"

ತೊಗರಿಯಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. ಒಂದು ಬೆರಳೆಂದರೆ ಎಷ್ಟು ಎಂಬುದು ಪೇಟೆಗೆಲ್ಲ ಗೊತ್ತು. ಇಂಟರ್ನೆಟ್ ಹೆಸರಿಗೆ ಒಂದು ಬೆರಳೆಂದರೆ ಎಷ್ಟು ಎಂದು ಯಾರೂ ಗೊತ್ತು ಮಾಡಿರಲಿಲ್ಲ. ಇಬ್ಬರೂ ಹಳೆಯ ವ್ಯಾಪಾರಿಗಳು. ಬಿಟ್ಟ ಕೈಯ ಮಾತು ಇಬ್ಬರೂ ಮುರಿಯುವಂತಿಲ್ಲ, ಇಬ್ಬರ ಮಾತೂ ಬೇರೆ ಬೇರೆ. ಎರಡು ದಿನ ಯಾರೂ ಸೋಲಲಿಲ್ಲ. ಮೂರನೆಯ ದಿನ ಮಲ್ಕಣ್ಣ ಎಂಟು ನೂರು ರೂಪಾಯಿ, ಜೊತೆಗೆ ಒಂದು ಚೀಲ ಸೂರ್ಯಕಾಂತಿ ಬೀಜ ಕೊಟ್ಟು ಹೆಸರು ಒಯ್ದರು. ಸಾವ್ಕಾರರಿಗೆ ಹೊಲ ಇರಲಿಲ್ಲ. ಆ ಚೀಲ ಬಹಳ ದಿನ ನನ್ನ ಮೇಜಿನ ಕೆಳಗಿತ್ತು, ಕಾಲಿಡಲು ಅನುಕೂಲವಾಗಿತ್ತು.

ಆಗ ನಾನು ಚೀಟಿ ಪದ್ಧತಿ ತಂದೆ. ಅಂಗೈಯಗಲದ ಕಾಗದ, ಅದರಲ್ಲಿ ಹೆಸರು, ಬಾಲ, ಯಾರಿಗೆ ಬೇಕಾದೀತು ಎಂಬ ಒಂದು ಸಾಲು, ಬೆಲೆ ಅಂಕಿಯಲ್ಲಿ, ಬೆಲೆ ಅಕ್ಷರದಲ್ಲಿ, ಕೆಳಗೆ ನನ್ನ ಸಹಿ. ಸಾವ್ಕಾರರು ಒಂದೇ ಷರತ್ತು ಹಾಕಿದರು: "ಸಹಿ ಮುಂದ ಎಂ.ಎಸ್ಸಿ. ಅಂತ ಬರಿ." ಟವೆಲ್ ಮೊಳೆಯ ಮೇಲೇ ಉಳಿಯಿತು. ನನಗೆ ಚೀಟಿಯ ಬಗ್ಗೆ ಸ್ವಲ್ಪ ಹೆಮ್ಮೆಯಿತ್ತು. ಅಳೆದು ಬರೆದದ್ದು, ಯಾರ ಬೆರಳಿಗೂ ಸಂಬಂಧವಿಲ್ಲದ್ದು ಎಂದುಕೊಂಡಿದ್ದೆ.

ಭಾರತದ ಬಾಲ ಸುಲಭಕ್ಕೆ ಸಿಗುತ್ತಿರಲಿಲ್ಲ. ಆ ಹೆಸರಿನ ಸಂಸ್ಥೆ ನಿಜವಾಗಿಯೂ ಇದೆ ಎಂದು ಕಾಗದ ತೋರಿಸಬೇಕಾಗಿತ್ತು. ಸಾವ್ಕಾರರು ಇದಕ್ಕೊಂದು ಹಾದಿ ಕಂಡುಕೊಂಡಿದ್ದರು. ಒಳ್ಳೆಯ ಹೆಸರಿನ ಸಣ್ಣ ಅಂಗಡಿ ಎಲ್ಲಿದೆ ಎಂದು ಮೂರು ತಾಲ್ಲೂಕು ಸುತ್ತಿ ಹುಡುಕುವರು. ಘತ್ತರಗಿಯಲ್ಲಿ ಯಾತ್ರಿಕರ ಫೋಟೊ ತೆಗೆಯುವವರು, ಅಫಜಲಪುರದ ಬ್ಯಾಂಡ್ ಸೆಟ್ಟಿನವರು, ಹೀಗೆ. "ನಿಮ್ಮ ಹೆಸರು ಕಂಪ್ಯೂಟರ್‌ನಾಗ ಹಾಕಿಸ್ತೇವ್ರಿ" ಎಂದು ಅವರ ಅಂಗಡಿಯ ಹೆಸರು ಅಚ್ಚಾದ ಕಾಗದದ ಮೇಲೆ ಸಹಿ ತರುವರು. ಬದಲಿಗೆ ಗೋಡೆಗೆ ಹಾಕುವ ಒಂದು ಕ್ಯಾಲೆಂಡರ್. ಖರ್ಚು ನಮ್ಮದು, ನೋಂದಣಿ ಅವರ ಹೆಸರಿನಲ್ಲಿ. ಕೊಳ್ಳುವವರು ಬಂದಾಗ ಆ ಅಂಗಡಿಯವರಿಂದ ಒಂದು ಒಪ್ಪಿಗೆ ಪತ್ರ ಪಡೆಯಬೇಕು, ಅಷ್ಟೇ. ಅಂಥ ಹೆಸರು ನಲವತ್ತೆರಡು ಆಗಿದ್ದವು. ಒಪ್ಪಿಗೆ ಪತ್ರದ ಕೆಲಸ ಸಾವ್ಕಾರರೇ ನೋಡಿಕೊಳ್ಳುತ್ತಿದ್ದರು. ನಾನು ಕೇಳಿರಲಿಲ್ಲ. ಕೇಳಬೇಕಿತ್ತು.

ನಲವತ್ತೆರಡರಲ್ಲಿ ಒಂದು 'ಮಾಲದಂಡಿ'. ಜೇವರ್ಗಿಯ ಕಾಶೀಬಾಯಿ ಎಂಬವರು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದರು. ಅವರ ಕೇಂದ್ರದ ಹೆಸರು, ಪೊಟ್ಟಣದ ಮೇಲಿನ ಹೆಸರು, ಎರಡೂ ಅದೇ. ಮಾಲದಂಡಿ ಎಂದರೆ ನಮ್ಮ ಹಿಂಗಾರಿ ಬಿಳಿ ಜೋಳದ ಒಂದು ತಳಿ. ನಮ್ಮ ಮನೆಯಲ್ಲಿ ಎರಡು ಹೊತ್ತೂ ಅದರದೇ ರೊಟ್ಟಿ. ಕಾಕಿಗೆ ಫೋನಿನಲ್ಲಿ ಓದಿದಾಗ, "ಇದನ್ನೂ ಬರದು ತೋರಸಬೇಕೇನು? ನಮ್ಮ ಜ್ವಾಳದ ಹಗೇವಿನಾಗ ಬಿದ್ದದ, ಬಂದು ಒಯ್ಯಿ" ಎಂದು ನಕ್ಕರು. ನಾನೂ ನಕ್ಕು ಚೀಟಿ ಬರೆದೆ. ಯಾರಿಗೆ ಬೇಕಾದೀತು: ನಮ್ಮ ಕಡೆಯ ರೊಟ್ಟಿ ವ್ಯಾಪಾರಿಗಳಿಗೆ. ಬೆಲೆ: ಐನೂರು. ಅಕ್ಷರದಲ್ಲಿ: ಐನೂರು ರೂಪಾಯಿ ಮಾತ್ರ.

ಒಂದು ಮಂಗಳವಾರ ಮಧ್ಯಾಹ್ನ ಪುಣೆಯಿಂದ ಫ್ಯಾಕ್ಸ್ ಬಂತು. ಮುಂಬೈಯ ಒಂದು ತಿನಿಸಿನ ಕಂಪನಿಗೆ ಮಾಲದಂಡಿ ಬೇಕು, ಮೂವತ್ತೈದು ಸಾವಿರ ಕೊಡುತ್ತಾರೆ, ಒಪ್ಪಿಗೆ ಪತ್ರ ಕೂಡಲೇ ಕಳಿಸಿ. ಜೊತೆಗೆ ಕಂಪನಿಯೇ ಬರೆಸಿದ ಪತ್ರದ ನಮೂನೆ, ಇಂಗ್ಲಿಷಿನಲ್ಲಿ. ಸಾವ್ಕಾರರು ಅಂದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಔಷಧ ಹಾಕಿಸಿಕೊಂಡು ಬಂದಿದ್ದರು. "ಇದೊಂದು ಟೈಪ್ ಮಾಡು ತಂಗಿ, ಬೆಲಿ ಜಾಗಾದಾಗ ನಿನ್ನ ಚೀಟಿ ನೋಡಿ ಹಾಕು" ಎಂದರು.

ಪತ್ರದಲ್ಲಿ ಮೂರು ಅಂಶಗಳಿದ್ದವು. ಇಂಟರ್ನೆಟ್ ಹೆಸರನ್ನು ಬಿಟ್ಟುಕೊಡುತ್ತೇವೆ. ತಜ್ಞರು ಕಟ್ಟಿದ ಬೆಲೆಯನ್ನು ಪೂರ್ತಿಯಾಗಿ ಪಡೆದಿದ್ದೇವೆ. ಇನ್ನು ಮುಂದೆ ಈ ಹೆಸರನ್ನು ನಮ್ಮ ಬೋರ್ಡು, ಪೊಟ್ಟಣ, ಬಿಲ್ಲುಗಳ ಮೇಲೆ ಎಲ್ಲಿಯೂ ಬಳಸುವುದಿಲ್ಲ.

ತಜ್ಞರು ಯಾರು ಎಂದು ಹೊಳೆಯಲು ನನಗೆ ಒಂದು ನಿಮಿಷ ಬೇಕಾಯಿತು.

"ಸಾವ್ಕಾರ್ರ, ಈ ಚೀಟಿ ತಪ್ಪದರಿ."

"ಏನು ತಪ್ಪದ?"

"ನಾ ಐನೂರು ಬರ್ದೇನ್ರಿ. ಮುಂಬೈಯವ್ರು ಮೂವತ್ತೈದು ಸಾವಿರ ಅಂದಾರ."

"ಅದು ಅವರ ತಪ್ಪು. ನಿಂದೇನದ?"

"ಚೀಟಿ ಕಾಶೀಬಾಯಾರಿಗಿ ತೋರಸ್ತೀರೇನ್ರಿ?"

"ಎಲ್ಲಾರಿಗೂ ತೋರಸ್ತೇನಿ. ಎಂ.ಎಸ್ಸಿ. ಮೇಡಂ ಬರದಾರ ಅಂದ್ರ ಮಂದಿ ಮರುಮಾತು ಆಡಂಗಿಲ್ಲ. ಹನ್ನೊಂದು ಮಂದಿ ಸಹಿ ಮಾಡ್ಯಾರ ಈಗಾಗಲೇ."

ನಾನು ಬೇರೆ ಚೀಟಿ ಬರೆಯುತ್ತೇನೆ ಎಂದೆ. ಅವರು ಸಿಟ್ಟಾಗಲಿಲ್ಲ. ಔಷಧ ಹಾಕಿದ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಬರದ ಬೆಲಿ ಅಂದ್ರ ಬಿಟ್ಟ ಕೈ ಇದ್ದಂಗ. ಮೂವತ್ತು ವರ್ಷದಾಗ ಒಮ್ಮೆ ತಿರಗಿಸಿಲ್ಲ ನಾ. ನಾಳಿ ಜೇವರ್ಗಿಗಿ ಹೋಗೂನು. ಪತ್ರ ಇಂಗ್ಲಿಷಿನಾಗ ಅದ, ನೀನೂ ಬಾ, ಓದಿ ಹೇಳಲಿಕ್ಕಿ."

ಅವರು ಮೋಸಗಾರರಲ್ಲ. ಕೊಳ್ಳುವವನ ಬೆಲೆ ಮಾರುವವನಿಗೆ ತಿಳಿಯದಂತೆ ನಡುವೆ ನಿಂತು, ಅಂತರವನ್ನು ಉಳಿಸಿಕೊಳ್ಳುವುದೇ ಅವರು ಕಲಿತ ಕಸುಬು. ಆದರೆ ಟವೆಲ್ ಕೆಳಗೆ ಕೈ ಇಡುವ ಇಬ್ಬರಿಗೂ ತೊಗರಿ ಏನೆಂದು ಗೊತ್ತಿರುತ್ತದೆ. ಕಾಶೀಬಾಯಿಯವರಿಗೆ ತಾವು ಮಾರುತ್ತಿರುವುದು ಏನೆಂದೇ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ನನ್ನ ಸಹಿಯಿತ್ತು. ಗಡಿಯ ಆಚೆ ಮಹಾರಾಷ್ಟ್ರದುದ್ದಕ್ಕೂ ಜೋಳ ತಿನ್ನುವವರೆಲ್ಲ ಮಾಲದಂಡಿಯ ಹೆಸರು ಹಿಡಿದು ಕೇಳುತ್ತಾರೆ. ಪೆಸಿಫಿಕ್ ಸಾಗರದ ದ್ವೀಪವನ್ನು ಪುಸ್ತಕದಲ್ಲಿ ಹುಡುಕಿದ ನಾನು, ದಿನವೂ ತಾಟಿಗೆ ಬೀಳುವುದನ್ನು ನಮ್ಮ ಮನೆಯದೇ ಮಾತು ಎಂದುಕೊಂಡಿದ್ದೆ.

ಬುಧವಾರ ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ ಜೇವರ್ಗಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ಕಾಶೀಬಾಯಿಯವರ ಅಂಗಳದಲ್ಲಿ ಸಾಲಾಗಿ ಒಲೆಗಳು. ಹನ್ನೆರಡು ಜೊತೆ ಕೈ ರೊಟ್ಟಿ ಬಡಿಯುವ ಸದ್ದಿಗೆ ಮಾತಾಡಲು ದನಿ ಏರಿಸಬೇಕಿತ್ತು. ಕಾಶೀಬಾಯಿಯವರಿಗೆ ಐವತ್ತರ ಆಸುಪಾಸು, ಮೊಳಕೈವರೆಗೂ ಹಿಟ್ಟು.

"ಬರ್ರಿ ಸಾವ್ಕಾರ್ರ. ಕ್ಯಾಲೆಂಡರ್ ಕೊಟ್ಟು ಹೋದವರು ಈಗ ಬಂದ್ರಿ. ಅದರಾಗಿನ ತಾರೀಖು ಎಲ್ಲಾ ಮುಗದು ಹೋದ್ವು."

"ಹೊಸಾದು ತಂದೇನ್ರಿ ಕಾಶೀಬಾಯಾರ. ಸುದ್ದಿನೂ ಚಲೋ ತಂದೇನಿ."

ಕುಳಿತೆವು. ನಮ್ಮೆದುರು ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಮೊಸರು ಬಂದವು. ಸಾವ್ಕಾರರು ಚೀಟಿ ತೆಗೆದು, ಎಂ.ಎಸ್ಸಿ. ಮೇಡಂ ಇವರೇ, ಕಂಪ್ಯೂಟರಿನ ಹೆಸರಿಗೆ ಐನೂರು ರೂಪಾಯಿ ಬೆಲೆ ಕಟ್ಟಿದ್ದಾರೆ, ಕುಂತಲ್ಲಿ ಬಂದ ರೊಕ್ಕ ಎಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಪತ್ರ ಓದು ತಂಗಿ. ಮುಖ್ಯ ಮುಖ್ಯ ಅಷ್ಟ" ಎಂದರು.

ನಾನು ಮೊದಲ ಸಾಲಿನಿಂದ ಓದಿದೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳುತ್ತಾ. ಮೂರನೆಯ ಅಂಶ ಬಂದಾಗ ಸಾವ್ಕಾರರು ಕೆಮ್ಮಿದರು. ಅದನ್ನೂ ಓದಿದೆ. ಕಾಶೀಬಾಯಿಯವರ ಕೈ ಹಿಟ್ಟಿನ ಪರಾತದಲ್ಲೇ ನಿಂತಿತು. ಹತ್ತಿರದ ಇಬ್ಬರು ಹೆಂಗಸರು ಬಡಿಯುವುದನ್ನು ನಿಲ್ಲಿಸಿದರು. ಹಿಂದಿನವರಿಗೆ ಕೇಳಿಸಿರಲಿಲ್ಲ, ಅವರು ಬಡಿಯುತ್ತಲೇ ಇದ್ದರು.

"ಅಂದ್ರ, ನಮ್ಮ ರೊಟ್ಟಿಗಿ ನಾವು ಏನಂತ ಕರೀಬೇಕವಾ?"

"ಬೇರೆ ಹೆಸರು ಇಡಬೇಕಾಗ್ತದರಿ."

"ಐನೂರಿಗಿ?"

"ಹೌದ್ರಿ."

"ಈ ಬೆಲಿ ನೀ ಬರದೀದಿ?"

"ನಾನ ಬರ್ದೇನ್ರಿ. ತಪ್ಪ ಬರ್ದೇನಿ."

ಇಷ್ಟು ಹೇಳಲು ನಾನು ಆಳಂದದಿಂದ ಜೇವರ್ಗಿಯವರೆಗೆ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಸಾವ್ಕಾರರು ಮುಂದೆ ಬಾಗಿದರು. "ಬೆಲಿ ಆಗಿ ಹೋಗೇದ ಕಾಶೀಬಾಯಾರ. ಬಿಟ್ಟ ಕೈ ತಿರಗಿಸೂದು ನಮ್ಮಲ್ಲಿ ಇಲ್ಲ."

"ಸಾವ್ಕಾರ್ರ, ನಾ ಇನ್ನ ಕೈ ಹಿಡದೇ ಇಲ್ಲ. ಬಿಡೂದು ಎಲ್ಲಿಂದ ಬಂತು?"

ಹೆಂಗಸರು ನಕ್ಕರು. ಸಾವ್ಕಾರರೂ ಅರ್ಧ ನಕ್ಕರು. ಒಳ್ಳೆಯ ಮಾತಿಗೆ ನಗದೆ ಇರುವುದು ಅವರಿಗೆ ಆಗುತ್ತಿರಲಿಲ್ಲ.

"ಹಂಗಾದ್ರ ಬರೋಬರಿ ಬೆಲಿ ಎಷ್ಟವಾ?" ಎಂದು ಕಾಶೀಬಾಯಿ ನನ್ನನ್ನು ಕೇಳಿದರು.

ಮುಂಬೈಯವರ ಅಂಕಿ ನನ್ನ ನಾಲಿಗೆಯ ಮೇಲೇ ಇತ್ತು. ಅದು ನಾನು ಕೆಲಸ ಮಾಡುವ ಜಾಗದ ಗುಟ್ಟು, ಹೇಳುವುದು ಸರಿಯೆನಿಸಲಿಲ್ಲ. ಮುಚ್ಚಿಡುವುದು ಅದಕ್ಕಿಂತ ಕೆಟ್ಟದಾಗಿ ಕಂಡಿತು. "ನನ್ನ ಬೆಲಿ ಮ್ಯಾಲ ಇನ್ನ ಹೋಗಬ್ಯಾಡ್ರಿ" ಎಂದೆ. "ಕೊಳ್ಳವ್ರ ಫೋನ್ ನಂಬರ್ ಈ ಪತ್ರದ ಮ್ಯಾಲ ಅದ. ನೀವ ಕೇಳ್ರಿ."

"ಏ ಸುಜಾತಾ," ಎಂದು ಅವರು ಸೊಸೆಯನ್ನು ಕೂಗಿದರು, "ಪೆನ್ ತಗೊಂಡು ಬಾ. ನಂಬರ್ ಬರಕೋ. ಆ ಸಾವ್ಕಾರ್ರ ಕ್ಯಾಲೆಂಡರ್ ಮ್ಯಾಲ ಬರಿ, ಈಗರ ಉಪಯೋಗಕ್ಕ ಬರಲಿ." ಸೊಸೆ ಬರೆದುಕೊಂಡಳು. ಸಹಿ ಆಗಲಿಲ್ಲ. ಹೊರಡುವಾಗ ಕಾಶೀಬಾಯಿ ನಮ್ಮಿಬ್ಬರ ಕೈಗೂ ಒಂದೊಂದು ಪೊಟ್ಟಣ ರೊಟ್ಟಿ ಕೊಟ್ಟರು. ಸಾವ್ಕಾರರಿಗೆ ಕೊಡುವಾಗ, "ಹೆಸರು ನೋಡಿ ತಿನ್ರಿ" ಎಂದರು.

ಮುಂದೆ ಅವರು ಮುಂಬೈಯವರೊಡನೆ ಏನು ಮಾತಾಡಿದರೋ ನಾನು ಕೇಳಲಿಲ್ಲ. ಗುಲ್ಬರ್ಗಾದ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ಇವತ್ತಿಗೂ ಮಾಲದಂಡಿ ಎಂದೇ ಇದೆ.

ಮರಳುವ ಬಸ್ಸಿನಲ್ಲಿ ಸಾವ್ಕಾರರು ಮುಂದಿನ ಸೀಟಿನಲ್ಲಿ ಕೂತರು. ಗುಲ್ಬರ್ಗಾದ ಬಸ್ ನಿಲ್ದಾಣ ಬರುವವರೆಗೂ ತಿರುಗಿ ನೋಡಲಿಲ್ಲ. ಅಲ್ಲಿ ಇಳಿದು ಎರಡು ಚಹಾ ಹೇಳಿದರು.

"ನೀ ಹೇಳಿದ್ದು ಖರೇ ಅದ" ಎಂದರು. "ಹೇಳಿದ ಜಾಗಾ ಚಲೋ ಇರಲಿಲ್ಲ. ಮೂವತ್ತು ವರ್ಷದಾಗ ನನ್ನ ಮುಂದ ನನ್ನ ಸೌದಾ ಯಾರೂ ಮುರದಿದ್ದಿಲ್ಲ."

"ಹೌದ್ರಿ. ಅದಕ್ಕ ಕ್ಷಮಾ ಮಾಡ್ರಿ."

"ನಾಳಿ ಬಾ. ಮೊದಲಿನಂಗ ಚೀಟಿ ನೀ ಬರಿ. ಸಹಿ ಬ್ಯಾಡ ನಿಂದು, ನಾ ಮಾಡ್ತೇನಿ. ನಿನ್ನ ಮ್ಯಾಲ ಏನೂ ಭಾರ ಇರಂಗಿಲ್ಲ."

ಅವರು ಅದನ್ನು ಪ್ರೀತಿಯಿಂದಲೇ ಹೇಳಿದರು. ಬೇಡವಾಗಿದ್ದರೆ ನಾಳೆ ಬರಬೇಡ ಎನ್ನಬಹುದಿತ್ತು. ಚಹಾ ಮುಗಿಯುವವರೆಗೆ ನಾನು ಆ ಮಾತನ್ನು ತಿರುತಿರುಗಿಸಿ ನೋಡಿದೆ. ಸಹಿ ಇಲ್ಲದಿದ್ದರೆ ಭಾರ ಹೇಗೆ ಇಳಿಯುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ಬೆಲೆ ನಾನೇ ಬರೆಯುವುದು, ಅದನ್ನು ನಂಬಿ ಇನ್ನೊಬ್ಬರು ಹೆಸರು ಬಿಟ್ಟುಕೊಡುವುದು. "ವಿಚಾರ ಮಾಡ್ತೇನ್ರಿ" ಎಂದೆ. ಆಳಂದದ ಬಸ್ಸಿನಲ್ಲಿ ನನ್ನ ಟಿಕೆಟನ್ನು ಅವರೇ ತೆಗೆಸಿದರು.

ಹೊಸಬರಿಗೆ ಮೂರನೆಯ ಮಾತೊಂದನ್ನು ಬರೆಯಬೇಕೆಂದು ಇಲ್ಲಿ ಒಂದು ದಿನ ಪೆನ್ನು ಹಿಡಿದು ಕುಳಿತಿದ್ದೆ. ಹೊಂದಿಸಿ ಹೇಳಲು ಬರಲಿಲ್ಲ. ನಾನು ಏನು ಮಾಡಿದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಮರುದಿನ ಬೆಳಿಗ್ಗೆ ನಾನು ಮಾಳಿಗೆ ಹತ್ತಲಿಲ್ಲ. ಅಂಚೆ ಕಚೇರಿಯ ಕಿಟಕಿ ತೆರೆಯುವ ಮೊದಲೇ ಹೋಗಿ ನಿಂತು, ಕಾಶೀಬಾಯಿಯವರನ್ನು ಬಿಟ್ಟು ಉಳಿದವರಿಗೆಂದು ನಲವತ್ತೊಂದು ಪೋಸ್ಟ್‌ಕಾರ್ಡ್ ಕೊಂಡೆ. ನೋಂದಣಿಗೆಂದು ನಾನೇ ಬರೆದಿದ್ದ ವಿಳಾಸಗಳ ಪಟ್ಟಿಯ ಕಾರ್ಬನ್ ಪ್ರತಿ ನನ್ನ ಚೀಲದಲ್ಲಿತ್ತು. ಒಳಗಿನ ಎತ್ತರದ ಮೇಜಿನ ಬಳಿ ನಿಂತೇ ಬರೆದೆ. ಮೂವತ್ತು ಕಾರ್ಡಿನಲ್ಲಿ ಹೀಗೆ: ಇಂಟರ್ನೆಟ್ಟಿನಲ್ಲಿ ನಿಮ್ಮ ಅಂಗಡಿಯ ಹೆಸರು ನೋಂದಣಿಯಾಗಿದೆ, ಅದು ಕಾಗದದ ಮೇಲೆ ನಿಮ್ಮದೇ. ಕೊಳ್ಳಲು ಯಾರಾದರೂ ಬಂದರೆ ಪತ್ರವನ್ನು ಪೂರ್ತಿ ಓದಿಸಿಕೊಳ್ಳಿ. ನಾನು ಬರೆದ ಬೆಲೆಯನ್ನು ನಂಬದೆ ಕೊಳ್ಳುವವರನ್ನೇ ವಿಚಾರಿಸಿ. ಈಗಾಗಲೇ ಸಹಿ ಮಾಡಿದ್ದ ಹನ್ನೊಂದು ಜನಕ್ಕೆ ಬೇರೆ ಬರೆಯಬೇಕಾಯಿತು: ನನ್ನ ಬೆಲೆ ತಪ್ಪಿರಬಹುದು, ಸಹಿ ಮಾಡಿದ ಪತ್ರದ ನಕಲು ಕೇಳಿ ಪಡೆಯಿರಿ, ಓದಲು ಯಾರೂ ಇಲ್ಲದಿದ್ದರೆ ನನ್ನಲ್ಲಿಗೆ ಬನ್ನಿ. ಪ್ರತಿಯೊಂದರ ಕೆಳಗೂ ನನ್ನ ಹೆಸರು, ಮನೆಯ ವಿಳಾಸ ಹಾಕಿದೆ. ಎಂ.ಎಸ್ಸಿ. ಎಂದು ಬರೆಯಲಿಲ್ಲ. ಮುಗಿಯುವಾಗ ಹನ್ನೊಂದೂವರೆ. ಹೊರಗಿನ ಅಂಚೆ ಡಬ್ಬಿಯ ಬಾಯಿ ಸಣ್ಣದು. ಐದೈದಾಗಿ ಹಾಕಿದೆ, ಕೊನೆಯದೊಂದು ಒಂಟಿಯಾಗಿ ಬಿತ್ತು.